ಆ ಅನುಭವ ಪತ್ರ ತಗೋಬೇಡ ತಮ್ಮಾ

ನೀನು ನಾಲ್ಕು ಪ್ರಶ್ನೆ ಕೇಳಿದ್ದೀಯ. ಜರ್ಮನಿಯಲ್ಲಿ ರೂಮು ಸಿಗುತ್ತಾ, ಊಟದ ಕಥೆ ಏನು, ಓದುತ್ತಾ ಕೆಲಸ ಮಾಡಬಹುದಾ, ಮತ್ತೆ ವಿಜಯಪುರದ ಏಜೆಂಟ್ ಒಬ್ಬರು 30 ಸಾವಿರಕ್ಕೆ ಎರಡು ವರ್ಷದ ಅನುಭವ ಪತ್ರ ಮಾಡಿಸಿಕೊಡ್ತೀನಿ ಅಂತಿದ್ದಾರೆ, ತಗೊಳ್ಳಲಾ ಅಂತ.

ರೂಮು ಕಷ್ಟ, ಆದರೆ ಸಿಗುತ್ತೆ. ಅಡ್ಮಿಷನ್ ಆದ ದಿನವೇ ಹಾಸ್ಟೆಲ್‌ಗೆ ಅರ್ಜಿ ಹಾಕು. ಕೆಲಸ ವರ್ಷಕ್ಕೆ 140 ಪೂರ್ಣ ದಿನ ಮಾಡಬಹುದು, ಅದನ್ನೇ ನಂಬಿ ಬರಬೇಡ. ಹೇಗೂ ವೀಸಾಕ್ಕೆ ಮೊದಲೇ 11,904 ಯೂರೋ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟು ಅಂತ ಮಾತ್ರ ತೆಗೆಯಲು ಬಿಡುವ ಖಾತೆ) ತೋರಿಸಬೇಕು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಕಟಕ ರೊಟ್ಟಿ ತಗೊಂಡು ಬಾ. ಕುಂದಾ ಮಾತ್ರ ತರಬೇಡ, ಹೊರಗಿನ ಹಾಲಿನ ಪದಾರ್ಥ ಇಲ್ಲಿ ಒಳಗೆ ಬಿಡಲ್ಲ. ನಾನು ವಿಮಾನ ಹತ್ತುವ ಮೊದಲೇ ತಿಂದು ಮುಗಿಸ್ತೀನಿ.

ಇನ್ನು ಆ ಪತ್ರ. "ಎಲ್ಲಾರೂ ಮಾಡ್ತಾರ ಸರ್" ಅಂತ ಬರೆದಿದ್ದೀಯ. ಗೊತ್ತು, ನಾನೂ ಅಲ್ಲೇ ಬಿಎಸ್ಸಿ ಮಾಡಿದವನು. ಪ್ರ್ಯಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು ಅಂದರೆ ಸಿಆರ್, ಅಂದರೆ ಕ್ಲಾಸ್ ಲೀಡರ್, ನೋಟ್‌ಬುಕ್ ಹಿಡಿದು ಬೆಂಚಿಂದ ಬೆಂಚಿಗೆ ಬರುತ್ತಿದ್ದ, ತಲೆಗೆ ಇಷ್ಟು ಅಂತ. ಹೊರಗಿನಿಂದ ಬರುವ ಪರೀಕ್ಷಕ ಸಾಹೇಬರ ಊಟ, ಲಾಡ್ಜು, ಹೋಗುವಾಗ ಒಂದು ಕವರ್. ನಿನ್ನ ಹೆಸರಿನ ಮುಂದೆ ಟಿಕ್ ಬಿತ್ತು ಅಂದರೆ ಲೋಲಕ ತೂಗದೇ ಇದ್ದರೂ ರೀಡಿಂಗ್ ಸರಿ. ಜರ್ನಲ್ ಅಂತೂ ಸೀನಿಯರ್‌ದೇ ಕಾಪಿ, ತಪ್ಪಿನ ಸಮೇತ.

ಇಲ್ಲಿಗೆ ಬಂದ ಮೊದಲ ಸೆಮಿಸ್ಟರ್‌ನಲ್ಲಿ ಲ್ಯಾಬ್ ಇತ್ತು. ಉಪಕರಣ ಮುಟ್ಟುವ ಮೊದಲು ಬಾಯಿಮಾತಿನಲ್ಲಿ ಕೇಳ್ತಾರೆ: ಏನು ಅಳೀತೀಯ, ತಪ್ಪು ಎಷ್ಟು ಬರಬಹುದು, ಅದು ಎಲ್ಲಿಂದ ಬರುತ್ತೆ. ಗೊತ್ತಿಲ್ಲ ಅಂದರೆ ಬೈಯಲ್ಲ, ಓದಿಕೊಂಡು ಬಾ ಅಂತ ಮನೆಗೆ ಕಳಿಸ್ತಾರೆ. ಅಂಕಪಟ್ಟಿಯಲ್ಲಿ ನನಗಿಂತ ಎಷ್ಟೋ ಮುಂದಿದ್ದ ನಮ್ಮ ದೇಶದವನೇ ಒಬ್ಬ ಹಾಗೆ ವಾಪಸ್ ಹೋದ. ನಾನು ಪಾರಾದೆ. ಅದಕ್ಕೆ ಕಾರಣ ನನ್ನ ಕಾಲೇಜಲ್ಲ, ಹಾಸ್ಟೆಲ್ ರೂಮ್‌ಮೇಟು.

ಸಿಂದಗಿ ಕಡೆಯವನು. ಟ್ರಂಕಿನ ಬೀಗಕ್ಕೆ ದಾರ ಕಟ್ಟಿ, ಕಿಟಕಿ ಸರಳಿಗೆ ತೂಗುಹಾಕಿ, ಕೈಗಡಿಯಾರ ಹಿಡಿದು ನನ್ನ ಕೈಲಿ ಜಿ (ಗುರುತ್ವ ವೇಗೋತ್ಕರ್ಷ) ಬೆಲೆ ತೆಗೆಸುತ್ತಿದ್ದ. "ಪ್ರತಿ ಸಲ ಸ್ವಲ್ಪ ಬ್ಯಾರೆ ಬರಬೇಕು. ಒಂದೇ ಬಂತಂದ್ರ ನೀ ಸುಳ್ಳು ಬರದೀ" ಅನ್ನುತ್ತಿದ್ದ. ಎಂಎಸ್ಸಿ ಮುಗಿಸಿದ, ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಪಾಸಾದ. ಒಂದು ಅನುದಾನಿತ ಕಾಲೇಜಿನಲ್ಲಿ ಹುದ್ದೆ ಖಾಲಿ ಇತ್ತು, ಮ್ಯಾನೇಜ್‌ಮೆಂಟ್‌ನವರು 20 ಲಕ್ಷ ಅಂದರು. ಅವರಪ್ಪ ದ್ರಾಕ್ಷಿ ತೋಟ ಮಾರಲಿಕ್ಕೂ ತಯಾರಾಗಿದ್ದರು. ಇವನೇ ಬೇಡ ಅಂದ. ದುಡ್ಡು ಕೊಟ್ಟ ಬೇರೊಬ್ಬ ಆ ಹುದ್ದೆಗೆ ಸೇರಿದ. ಇವನು ಇವತ್ತಿಗೂ ಅತಿಥಿ ಉಪನ್ಯಾಸಕ, ವರ್ಷಕ್ಕೊಮ್ಮೆ ಹೊಸದಾಗಿ ಅರ್ಜಿ ಹಾಕ್ತಾನೆ. ನಾನಿಲ್ಲಿ ಪಗಾರ ಎಣಿಸುವಾಗ ಅವನ ನೆನಪಾಗುತ್ತೆ, ಸುಮ್ನೆ ಹೇಳ್ತಿಲ್ಲ.

ಸೀಟಿಗೆ ಡೊನೇಷನ್ ತಗೊಳ್ಳಬಾರದು ಅಂತ ನಮ್ಮ ರಾಜ್ಯದಲ್ಲಿ 1984ರಲ್ಲೇ ಕಾನೂನು ಬಂದಿದೆ. ಹುದ್ದೆಗೆ ತಗೊಳ್ಳುವುದಂತೂ ನೇರ ಲಂಚ. ಆದರೆ ರಸೀದಿ ಇಲ್ಲದ ದುಡ್ಡಿಗೆ ಸಾಕ್ಷಿ ಹೇಳುವವರು ಯಾರು? ಕೊಟ್ಟು ಹುದ್ದೆ ಹಿಡಿದವನು ಅದನ್ನು ವಿದ್ಯಾರ್ಥಿಗಳಿಂದ ಇಂಟರ್ನಲ್ ಮಾರ್ಕ್ಸ್‌ನಲ್ಲಿ ವಸೂಲಿ ಮಾಡ್ತಾನೆ. ಗೈಡ್ ನೋಡಿ ನೋಟ್ಸ್ ಬರೆಸ್ತಾನೆ. ಅವನ ಕೈಕೆಳಗೆ ಪಾಸಾದವರು ಬಿಎಡ್ ಮಾಡಿ ಹಳ್ಳಿ ಹೈಸ್ಕೂಲಿಗೆ ಹೋಗ್ತಾರೆ. "ಹೈಸ್ಕೂಲ್‌ನಾಗ ಗಣಿತ ಸರಿ ಹೇಳಿಕೊಡಲಿಲ್ಲ, ನಾನು ವೀಕ್" ಅಂತ ನೀನೇ ಬರೆದಿದ್ದೀಯಲ್ಲ, ಆ ಸರ್‌ಗೆ ಕಾಲೇಜಿನಲ್ಲಿ ಕಲಿಸಿದವರು ಯಾರು ಅಂತ ಒಮ್ಮೆ ವಿಚಾರಿಸಿ ನೋಡು. ಅವರೂ ದುಡ್ಡು ಕೊಟ್ಟೇ ಬಂದವರು ಅಂತ ನಾನು ಹೇಳಲ್ಲ, ಆದರೆ ನನಗಂತೂ ಆಶ್ಚರ್ಯ ಆಗಲ್ಲ.

ಇಲ್ಲಿಯವರೆಲ್ಲ ಹರಿಶ್ಚಂದ್ರರು ಅಂದ್ಕೋಬೇಡ. 2011ರಲ್ಲಿ ಇಲ್ಲಿನ ರಕ್ಷಣಾ ಸಚಿವ ಗುಟ್ಟೆನ್‌ಬರ್ಗ್ ಪಿಎಚ್‌ಡಿ ಪ್ರಬಂಧದಲ್ಲಿ ಕಾಪಿ ಹೊಡೆದಿದ್ದು ಹೊರಗೆ ಬಂತು. 2013ರಲ್ಲಿ ಶಿಕ್ಷಣ ಸಚಿವೆ ಶಾವಾನ್ ಅವರ ಸರದಿ. ಆದರೆ ಇಬ್ಬರ ಡಾಕ್ಟರೇಟೂ ಹೋಯ್ತು, ಕುರ್ಚಿಯೂ ಹೋಯ್ತು. ನಮ್ಮಲ್ಲಿ ಸನ್ಮಾನ ಆಗ್ತಿತ್ತು, ಅಲ್ವಾ?

ನಾನು ಬರುವಾಗ ಎಪಿಎಸ್ ಪತ್ರ, ಅಂದರೆ ಓದಿನ ದಾಖಲೆ ಪರಿಶೀಲಿಸುವ ಜರ್ಮನ್ ಕೇಂದ್ರದ ಪ್ರಮಾಣಪತ್ರ, ಬೇಕಿರಲಿಲ್ಲ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಅದು ಕಡ್ಡಾಯ, ಅಂಕಪಟ್ಟಿ ಅಸಲಿಯೋ ನಕಲಿಯೋ ಅಂತ ನೋಡಿದ ಮೇಲೇ ವೀಸಾ ಮಾತು. ಶುಲ್ಕ 18,000 ರೂಪಾಯಿ. ನಿಯತ್ತಾಗಿ ಓದಿದ ಹುಡುಗಿಯೂ ಅಷ್ಟೇ ಕಟ್ಟಬೇಕು, ಅಷ್ಟೇ ಕಾಯಬೇಕು. ಅನುಭವ ಪತ್ರ ಎಪಿಎಸ್‌ನವರ ಕಣ್ಣಿಗೆ ಬೀಳಲಿಕ್ಕಿಲ್ಲ, ಖರೆ. ಆದರೆ ಅದು ಸುಳ್ಳು ಅಂತ ಓದು ಮುಗಿಯುವ ಹೊತ್ತಿಗೆ ಗೊತ್ತಾದರೂ ಪ್ರವೇಶ ರದ್ದಾಗಬಹುದು, ವೀಸಾನೂ ಹೋಗಬಹುದು.

ಅನುಭವ ಇಲ್ಲ ಅಂದರೆ ಆ ಕಾಲಂ ಖಾಲಿ ಬಿಡು. ಬಹಳಷ್ಟು ಮಾಸ್ಟರ್ಸ್ ಕೋರ್ಸ್‌ಗಳಿಗೆ ಅದು ಬೇಕಾಗೇ ಇಲ್ಲ, ನಿನ್ನ ಏಜೆಂಟ್ ಅದನ್ನು ಮಾತ್ರ ಹೇಳಿಲ್ಲ. ಆ 30 ಸಾವಿರದಲ್ಲಿ ಜರ್ಮನ್ ಕಲಿ, ಎರಡನೇ ಹಂತ ಎ2 ಆದರೂ ಮುಗಿಸು. ಚಳಿಗಾಲದ ಸೆಮಿಸ್ಟರ್‌ಗೆ ಅನೇಕ ಕಡೆ ಜುಲೈ 15 ಕೊನೆಯ ದಿನ, ವಿದೇಶದವರಿಗೆ ಕೆಲವು ಕಡೆ ಇನ್ನೂ ಮೊದಲೇ. ಈ ಕೋರ್ಸ್ ಯಾಕೆ ಬೇಕು ಅಂತ ಹೇಳುವ ಉದ್ದೇಶದ ಪತ್ರ ನೀನೇ ಬರೆದು ಕಳಿಸು, ತಪ್ಪಿದ್ದರೂ ಪರವಾಗಿಲ್ಲ, ನೋಡಿ ಕೊಡ್ತೀನಿ. ಗಣಿತಕ್ಕೆ ಸಿಂದಗಿಯವನ ನಂಬರ್ ಬೇಕಾದರೆ ಅವನನ್ನು ಕೇಳಿ ಕೊಡ್ತೀನಿ. ಫೀಸು ತಗೊಳ್ಳಲ್ಲ, ಆದರೆ ಹೋಮ್‌ವರ್ಕ್ ಜಾಸ್ತಿ ಕೊಡ್ತಾನೆ.