ರೂಪಾಯಿಗೆ ಹತ್ತು ಸೇರು ಅಕ್ಕಿ: ಹಳೆಯ ಕಡತವನ್ನೂ ಇಂದಿನ ಭತ್ತದ ದರವನ್ನೂ ಓದುವ ಬಗೆ

ಅಂಕೋಲಾದ ಸದಸ್ಯರೊಬ್ಬರು ಇಲ್ಲಿ ಹಾಕಿದ, ಅವರ ಅಜ್ಜನ ಲೆಕ್ಕದ ಕಡತದ ಚಿತ್ರಗಳನ್ನು ನೋಡಿದೆ. ಅವರ ಪ್ರಶ್ನೆ ಎರಡು. ಅಜ್ಜನ ಕಡತದಲ್ಲಿ ಒಂದು ಕಡೆ ‘ಅಕ್ಕಿ ರೂ. 1ಕ್ಕೆ 10 ಸೇರು’ ಎಂದೂ ಕೆಲವು ಪುಟಗಳ ನಂತರ ‘8 ಸೇರು’ ಎಂದೂ ಇದೆ. ಬೆಲೆ ಇಳಿಯಿತು ಎಂದು ಅರ್ಥವೇ? ಎರಡನೆಯದು, ಭತ್ತದ ದರ ಈಗ ಚೆನ್ನಾಗಿ ಏರಿದೆ ಎನ್ನುತ್ತಾರಲ್ಲ, ವರ್ಷಗಳಿಂದ ಹಡಿಲು (ಪಾಳು) ಬಿದ್ದ ಒಂದೂವರೆ ಎಕರೆ ಗದ್ದೆಯನ್ನು ಮತ್ತೆ ಮಾಡಬಹುದೇ? ಬಂದ ಉತ್ತರಗಳಲ್ಲಿ ಅರ್ಧ ‘ಆಗ ಎಷ್ಟು ಅಗ್ಗವಿತ್ತು’ ಎಂಬ ನಿಟ್ಟುಸಿರು, ಇನ್ನರ್ಧ ‘ಅಡಿಕೆ ಹಾಕಿಬಿಡಿ’ ಎಂಬ ಉಪದೇಶ. ಎರಡೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಕಡತ. ಆಗ ಬೆಲೆ ಬರೆಯುತ್ತಿದ್ದ ಕ್ರಮವೇ ಇಂದಿನದಕ್ಕೆ ತಿರುಗುಮುರುಗು. ಒಂದು ಸೇರಿಗೆ ಎಷ್ಟು ಆಣೆ ಎಂದಲ್ಲ, ಒಂದು ರೂಪಾಯಿಗೆ ಎಷ್ಟು ಸೇರು ಎಂದು ಬರೆಯುತ್ತಿದ್ದರು. ಬ್ರಿಟಿಷ್ ಸರ್ಕಾರದ ದರ ಪಟ್ಟಿಗಳೂ ಹೀಗೆಯೇ ಇವೆ. ಆದ್ದರಿಂದ ಸಂಖ್ಯೆ ಇಳಿದರೆ ಬೆಲೆ ಏರಿದೆ ಎಂದರ್ಥ. 80 ತೊಲದ ಸರ್ಕಾರಿ ಸೇರು ಸುಮಾರು 933 ಗ್ರಾಂ. ರೂಪಾಯಿಗೆ 10 ಸೇರು ಎಂದರೆ 9.33 ಕಿಲೋ, ಅಂದರೆ ಇಂದಿನ ಪೈಸೆ ಲೆಕ್ಕದಲ್ಲಿ ಕಿಲೋಗೆ ಹತ್ತೂಮುಕ್ಕಾಲು ಪೈಸೆಯ ಆಸುಪಾಸು. 8 ಸೇರಿಗೆ ಬಂದಾಗ ಕಿಲೋಗೆ ಸುಮಾರು 13.4 ಪೈಸೆ. ಹತ್ತರಿಂದ ಎಂಟು ಎಂದರೆ ಐದನೆಯ ಒಂದು ಪಾಲು ಇಳಿದಂತೆ ಕಾಣುತ್ತದೆ. ನಿಜದಲ್ಲಿ ಬೆಲೆ ನಾಲ್ಕನೆಯ ಒಂದು ಪಾಲು ಏರಿದೆ. ಹಳೆಯ ಪಟ್ಟಿಗಳನ್ನು ಹಿಡಿದು ಲೇಖನ ಬರೆಯುವವರೂ ಇಲ್ಲಿ ಎಡವುತ್ತಾರೆ.

ಆದರೆ ಆ ಸೇರು ತೂಕದ ಸೇರೋ ಪಾತ್ರೆಯಲ್ಲಿ ಅಳೆಯುವ ಅಳತೆಯ ಸೇರೋ ಎಂಬುದನ್ನು ನೀವೇ ಪತ್ತೆ ಮಾಡಬೇಕು. ಅಕ್ಕಿಯ ಸಾಲಿನ ಹಿಂದೆ ಮುಂದೆ ಸಿದ್ದೆ, ಕೊಳಗ, ಖಂಡುಗ ಬಂದಿದ್ದರೆ ಅದು ಅಳತೆ. ಅಡಿಕೆ, ಬೆಲ್ಲದಂತೆ ಮಣದ ಲೆಕ್ಕದಲ್ಲಿದ್ದರೆ ತೂಕ. ಖಂಡುಗಕ್ಕೆ ಇಪ್ಪತ್ತು ಕೊಳಗ ಎಂಬುದು ಎಲ್ಲರಿಗೂ ಬಾಯಿಪಾಠ, ಆದರೆ ಕೊಳಗ ಮಾತ್ರ ಊರಿಂದ ಊರಿಗೆ ಬೇರೆ. ಅಟ್ಟದಲ್ಲಿ ಹಳೆಯ ಕೊಳಗ ಉಳಿದಿದ್ದರೆ ಅದಕ್ಕೆ ಭತ್ತ ತುಂಬಿ, ಕೋಲಿನಿಂದ ಬಾಯಿ ಸವರಿ, ತಕ್ಕಡಿಗೆ ಹಾಕಿ. ಆಮೇಲೆ ಅಕ್ಕಿ ತುಂಬಿಯೂ ತೂಗಿ. ಈ ಎರಡು ಸಂಖ್ಯೆಗಳಿಲ್ಲದೆ ಕಡತದ ಒಂದು ಪುಟವೂ ಬಾಯಿ ಬಿಡುವುದಿಲ್ಲ. 1957ರಿಂದ 1962ರವರೆಗಿನ ಪುಟಗಳಲ್ಲಿ ಇನ್ನೂ ಜಾಗ್ರತೆ ಬೇಕು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು, ಕಿಲೋ ಲೆಕ್ಕ ಹಂತಹಂತವಾಗಿ ಬಂತು. ಒಂದೇ ಪುಟದಲ್ಲಿ ಆಣೆಯೂ ಪೈಸೆಯೂ ಸೇರೂ ಕಿಲೋವೂ ಕಂಡರೆ ಬರೆದವರ ತಪ್ಪಲ್ಲ.

ತಿಂಗಳನ್ನೂ ನೋಡಿ. ಕರಾವಳಿಯಲ್ಲಿ ಸುಗ್ಗಿಯ ಬೆಲೆ ಬೇರೆ, ಆಷಾಢದ ಬೆಲೆ ಬೇರೆ. ಮಳೆಗಾಲದಲ್ಲಿ ಬಂದರು ಮುಚ್ಚುತ್ತಿತ್ತು, ಘಟ್ಟದ ದಾರಿಯಲ್ಲಿ ಗಾಡಿ ಹತ್ತುತ್ತಿರಲಿಲ್ಲ. ಮೃಗಶಿರಾಕ್ಕೆ ಮೊದಲು ಕೂಡಿಟ್ಟವನ ಮನೆಯಲ್ಲಿ ಅಕ್ಕಿ, ಉಳಿದವರ ಮನೆಯಲ್ಲಿ ಸಾಲ. ಒಂದು ವರ್ಷದ ಮಾರ್ಗಶಿರವನ್ನು ಇನ್ನೊಂದು ವರ್ಷದ ಶ್ರಾವಣದ ಜೊತೆಗೆ ಹೋಲಿಸಿ ‘ಏರಿತು’ ಎನ್ನುವುದರಲ್ಲಿ ಅರ್ಥವಿಲ್ಲ.

ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಥೆ. ಕೆಳದಿ ನಾಯಕರ ಕಾಲದಲ್ಲಿ ಗೋವೆಯ ಪೋರ್ಚುಗೀಸರು ಈ ಕರಾವಳಿಯ ಅಕ್ಕಿಯನ್ನೇ ನಂಬಿಕೊಂಡಿದ್ದರು. ಹೊನ್ನಾವರ, ಬಸರೂರು ಬಂದರುಗಳಿಗಾಗಿ ಅಷ್ಟು ಗುದ್ದಾಟ ನಡೆದದ್ದರಲ್ಲಿ ಕಾಳುಮೆಣಸಿನಷ್ಟೇ ಅಕ್ಕಿಯ ಪಾಲೂ ಇದೆ. ಇಂದು ಅದೇ ಕರಾವಳಿಯ ಅಂಗಡಿಗಳಲ್ಲಿ ಗಂಗಾವತಿ, ಸಿಂಧನೂರಿನ ಚೀಲಗಳಿವೆ.

1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ಅದೇ ಹೊತ್ತಿಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಮುಗಿಲು ಮುಟ್ಟಿ, ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿಗೆ ಇಳಿಯುತ್ತಿತ್ತು. ಗಾಡಿ, ಎತ್ತು, ಆಳು ಎಲ್ಲವೂ ಹತ್ತಿಯ ಹಿಂದೆ ಹೋದಾಗ ಧಾನ್ಯದ ದರವೂ ಸುಮ್ಮನೆ ಕೂರಲಿಲ್ಲ. 1876–78ರ ಬರದಲ್ಲಿ ಧಾರವಾಡ, ಕಲಾದಗಿ ಕಡೆ ಜನ ಸತ್ತರು. ಆಗ ಧಾನ್ಯ ನಮ್ಮ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿತು. ಹಸಿವು ಇದ್ದದ್ದು ಘಟ್ಟದ ಮೇಲೆ, ಬೆಲೆ ಏರಿದ್ದು ಕೆಳಗೂ. 1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾಕ್ಕೆ ರೈಲು ಬಂದ ಮೇಲೆ ಕುಮಟಾ, ಕಾರವಾರಗಳ ವ್ಯಾಪಾರ ಸೊರಗಿತು. ನಮ್ಮ ಅಕ್ಕಿಯ ಬೆಲೆ ಆಗಲೂ ನಮ್ಮ ಗದ್ದೆಯ ಬೆಳೆಯನ್ನು ನೋಡಿ ನಿಲ್ಲುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ನಿಮ್ಮ ಕಡತದಲ್ಲಿ ಬೆಲೆಬಾಳುವ ಪುಟಗಳು 1929ರಿಂದ 1945ರವರೆಗಿನವು. ಜಾಗತಿಕ ಮುಗ್ಗಟ್ಟಿನಲ್ಲಿ ಭಾರತದಲ್ಲಿ ಅಕ್ಕಿಯ ಬೆಲೆ ಮೂರು ನಾಲ್ಕು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು. ಬರ್ಮಾದ ಅಗ್ಗದ ಅಕ್ಕಿಯೂ ಬಂದು ಸುರಿಯುತ್ತಿತ್ತು. ‘ಆಗ ಎಷ್ಟು ಅಗ್ಗ’ ಎನ್ನುವವರು ಇದನ್ನು ಭೂಮಾಲೀಕನ ಕಡೆಯಿಂದ ನೋಡಿ. ಅವನಿಗೆ ಗೇಣಿ ಬರುತ್ತಿದ್ದದ್ದು ಭತ್ತದಲ್ಲಿ, ಸರ್ಕಾರಕ್ಕೆ ಕಂದಾಯ ಕಟ್ಟಬೇಕಾದದ್ದು ರೊಕ್ಕದಲ್ಲಿ. ಬೆಲೆ ಅರ್ಧವಾದರೆ ಅದೇ ಕಂದಾಯಕ್ಕೆ ಎರಡರಷ್ಟು ಭತ್ತ ಮಾರಬೇಕು. ಸ್ವಂತ ಸಾಗುವಳಿ ಮಾಡುವ ಸಣ್ಣ ಹಿಡುವಳಿದಾರನ ಗತಿಯೂ ಅದೇ. 1930–32ರಲ್ಲಿ ಅಂಕೋಲಾ, ಸಿದ್ದಾಪುರ, ಶಿರಸಿ ತಾಲೂಕುಗಳಲ್ಲಿ ಕರನಿರಾಕರಣೆ ಅಷ್ಟು ಬಲವಾಗಿ ನಡೆದದ್ದಕ್ಕೆ ದೇಶಭಕ್ತಿ ಕಾರಣವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಣತದಲ್ಲಿ (ಕಣಜದಲ್ಲಿ) ಇದ್ದ ಭತ್ತಕ್ಕೆ ಬೆಲೆಯಿಲ್ಲದಿದ್ದುದನ್ನು ಪಕ್ಕಕ್ಕಿಟ್ಟರೆ ಆ ಚಳವಳಿಯ ಅರ್ಧ ಅರ್ಥವಾಗುವುದಿಲ್ಲ. ನಿಮ್ಮ ಕಡತ ಅಂಕೋಲಾದ್ದು. ಕಂದಾಯ ಕಟ್ಟಿದ ಸಾಲು ಮತ್ತು ಭತ್ತ ಮಾರಿದ ಸಾಲು ಎರಡೂ ಇದ್ದರೆ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿ.

1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿಗೆ ಬಿತ್ತು, ಬರ್ಮಾ ಅಕ್ಕಿ ನಿಂತಿತು, ಅಲ್ಲಿಂದ ಎಲ್ಲ ತಲೆಕೆಳಗಾಯಿತು. ಲೆವಿ (ಸರ್ಕಾರದ ಕಡ್ಡಾಯ ಧಾನ್ಯ ವಸೂಲಿ), ನಿಯಂತ್ರಣ ದರ, ಪಡಿತರ, ಕಾಳಸಂತೆ. ಈ ವರ್ಷಗಳಲ್ಲಿ ಸರ್ಕಾರಿ ಪಟ್ಟಿಯ ದರಕ್ಕೂ ಜನ ಕೊಟ್ಟ ದರಕ್ಕೂ ಸಂಬಂಧ ಕಡಿಮೆ. ಅಧಿಕೃತ ಪಟ್ಟಿಗಿಂತ ಮನೆಯ ಕಡತವೇ ಹೆಚ್ಚು ನಂಬಿಕೆಗೆ ಯೋಗ್ಯ.

1956ರ ನಂತರದ್ದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅಂಕಿ ಅಂಶ ಎಲ್ಲರಿಗೂ ಸಿಗುತ್ತದೆ. 1965ರಲ್ಲಿ ಆಹಾರ ನಿಗಮ ಮತ್ತು ಕೃಷಿ ಬೆಲೆ ಆಯೋಗ ಬಂದವು. ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 1980–81ರಲ್ಲಿ 105 ರೂಪಾಯಿ, 1990–91ರಲ್ಲಿ 205, 2000–01ರಲ್ಲಿ 510. ಆಮೇಲಿನ ಐದು ವರ್ಷ ಕೇವಲ 60 ರೂಪಾಯಿ ಏರಿ 2005–06ರಲ್ಲಿ 570ಕ್ಕೆ ನಿಂತಿತು. ನಾನು ಕಂಡಂತೆ ನಮ್ಮ ಕಡೆ ಬಹಳ ಗದ್ದೆಗಳು ಕೈಬಿಟ್ಟುಹೋದದ್ದು ಈ ಮಂಕು ವರ್ಷಗಳಲ್ಲಿ. ನಂತರ ಒಂದೇ ಜಿಗಿತ: 2007–08ರಲ್ಲಿ 645 ಇದ್ದದ್ದು 2012–13ಕ್ಕೆ 1250. 2024–25ರಲ್ಲಿ 2300, 2025–26ಕ್ಕೆ 2369.

1990–91ರ 205ರಿಂದ 2024–25ರ 2300 ಎಂದರೆ 11 ಪಟ್ಟು. ದೊಡ್ಡದಾಗಿ ಕೇಳುತ್ತದೆ. ಅದೇ ಅವಧಿಯಲ್ಲಿ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವೂ ಸುಮಾರು 10 ಪಟ್ಟು ಆಗಿದೆ. 34 ವರ್ಷಗಳಲ್ಲಿ ಭತ್ತದ ನಿಜವಾದ ಏರಿಕೆ ಇಷ್ಟೇ.

ಹಾಗಾಗಿ ನನ್ನ ಸಲಹೆ ಒಂದೇ: ಧಾನ್ಯದ ಬೆಲೆಯನ್ನು ರೂಪಾಯಿಯಲ್ಲಿ ಓದಬೇಡಿ, ಆಳಿನಲ್ಲಿ ಓದಿ. ಒಂದು ಕ್ವಿಂಟಲ್ ಭತ್ತ ಮಾರಿದರೆ ಎಷ್ಟು ಆಳಿನ ಕೂಲಿ ಹುಟ್ಟುತ್ತದೆ? ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿಯನ್ನೇ ಹಿಡಿಯೋಣ. 2013–14ರಲ್ಲಿ ದಿನಕ್ಕೆ 174 ರೂಪಾಯಿ, ಭತ್ತ 1310. ಕ್ವಿಂಟಲ್‌ಗೆ ಏಳೂವರೆ ಆಳು. 2024–25ರಲ್ಲಿ ಕೂಲಿ 349, ಭತ್ತ 2300. ಆರೂವರೆ ಆಳು ಚಿಲ್ಲರೆ. ಗದ್ದೆಯ ಆಳಿಗೆ ನಾವು ಕೊಡುವುದು ಇದಕ್ಕಿಂತ ಹೆಚ್ಚು. ದಿನಕ್ಕೆ 500 ಎಂದು ಹಿಡಿದರೆ ಕ್ವಿಂಟಲ್‌ಗೆ ಐದು ಆಳೂ ಇಲ್ಲ. ಕೂಲಿ ಏರಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ, ಏರಲೇಬೇಕಿತ್ತು. ಆದರೆ ಗದ್ದೆ ಹಡಿಲು ಬಿದ್ದದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ಈ ಭಾಗಾಕಾರದಲ್ಲಿದೆ, ಹೊಸ ತಲೆಮಾರಿನ ಸೋಮಾರಿತನದಲ್ಲಿ ಅಲ್ಲ. ನಿಮ್ಮ ಕಡತದಲ್ಲಿ ಆಳಿಗೆ ಭತ್ತವನ್ನೇ ಅಳೆದುಕೊಟ್ಟ ಸಾಲುಗಳು ಖಂಡಿತ ಇರುತ್ತವೆ. ಕೂಲಿ ಭತ್ತದಲ್ಲಿದ್ದ ಕಾಲದಲ್ಲಿ ಪೇಟೆಯ ದರ ಎಲ್ಲಿಗೆ ಹೋದರೂ ಗದ್ದೆಯ ಒಳಲೆಕ್ಕ ಕದಲುತ್ತಿರಲಿಲ್ಲ. ಕೂಲಿ ರೊಕ್ಕಕ್ಕೆ ತಿರುಗಿದ ದಿನದಿಂದ ಇವೆರಡೂ ಬೇರೆ ಬೇರೆ ದಾರಿ ಹಿಡಿದವು. ಆ ತಿರುವು ಯಾವ ಪುಟದಲ್ಲಿದೆ ಎಂದು ಹುಡುಕಿ ಇಲ್ಲಿ ಹಾಕಿದರೆ ನನಗೂ ಉಪಕಾರ.

ಮುಂದೆ ದರ ಏರಬಹುದೇ? ಅದರ ಮೇಲೆ ಲೆಕ್ಕ ಕಟ್ಟಬೇಡಿ. ಅಕ್ಕಿಯ ದರ ದೆಹಲಿಯಲ್ಲಿ ನಿರ್ಧಾರವಾಗುತ್ತದೆ. 2023ರ ಜುಲೈನಲ್ಲಿ ಬಿಳಿ ಅಕ್ಕಿಯ ರಫ್ತು ನಿಂತಿತು, ಆಗಸ್ಟ್‌ನಲ್ಲಿ ಕುಚ್ಚಲಕ್ಕಿಗೆ ಶೇ. 20 ಸುಂಕ ಬಿತ್ತು. ಅದೇ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ಹಣ ಹಾಕತೊಡಗಿತು. ಆ ವರ್ಷದ ಬೆಂಬಲ ಬೆಲೆ 2183. ಕ್ವಿಂಟಲ್ ಭತ್ತಕ್ಕೆ 67 ಕಿಲೋ ಅಕ್ಕಿ ಎಂಬ ಸರ್ಕಾರಿ ಲೆಕ್ಕದಲ್ಲಿ ಕಿಲೋಗೆ 32 ರೂಪಾಯಿ 58 ಪೈಸೆ ಭತ್ತಕ್ಕೇ ಆಯಿತು. ಮಿಲ್ಲು, ಚೀಲ, ಲಾರಿ ಬೇರೆ. ಸಾಮಾನ್ಯ ಅಕ್ಕಿಯಲ್ಲಿ ಬೆಳೆಗಾರನಿಗೆ ಉಸಿರಾಡಲು ಇರುವ ಜಾಗ ಅಷ್ಟೇ. ಬೆಂಬಲ ಬೆಲೆ ಲೆಕ್ಕ ಹಾಕುವ ಸಾಗುವಳಿ ವೆಚ್ಚವೂ ಇಡೀ ದೇಶದ ಸರಾಸರಿ. 2024–25ಕ್ಕೆ ಅದು ಕ್ವಿಂಟಲ್‌ಗೆ 1533 ರೂಪಾಯಿ. ಕಟಾವು ಯಂತ್ರ ಓಡಾಡುವ ಪಂಜಾಬಿನ ಬಯಲೂ ಬದುವಿನಿಂದ ಬದುವಿಗೆ ಹಾರಬೇಕಾದ ನಮ್ಮ ಗದ್ದೆಯೂ ಅದರಲ್ಲಿ ಒಂದೇ ಪಾತ್ರೆಯಲ್ಲಿ ಬೆಂದಿವೆ.

ಇನ್ನು ನಿಮ್ಮ ಒಂದೂವರೆ ಎಕರೆ. ಎಲ್ಲ ಸೇರಿ 20 ಕ್ವಿಂಟಲ್ ಭತ್ತ ಎಂದು ಹಿಡಿಯಿರಿ. 2025–26ರ ಬೆಂಬಲ ಬೆಲೆಗೇ ಹೋದರೂ 47,380 ರೂಪಾಯಿ. ಕೈನಾಟಿ, ಕೈಕೊಯ್ಲು ಎಂದರೆ 60 ಆಳು ಬೇಕಾಗಬಹುದು, 500ರಂತೆ 30,000; ಉಳುಮೆ, ಬೀಜ, ಗೊಬ್ಬರ, ಬದು ಕಟ್ಟುವುದು ಸೇರಿ ಇನ್ನು 15,000. ಉಳಿಯುವುದು ಹುಲ್ಲು. ಕೊಟ್ಟಿಗೆಯಲ್ಲಿ ದನವಿದ್ದರೆ ಅದು ಸಣ್ಣ ಮಾತಲ್ಲ, ಇಲ್ಲದಿದ್ದರೆ ಸಾಗುವಳಿಗೆ ಅರ್ಥವಿಲ್ಲ. ಅದೇ 20 ಕ್ವಿಂಟಲ್ ಭತ್ತವನ್ನು ಬೇಯಿಸಿ ಕುಚ್ಚಲಕ್ಕಿ ಮಾಡಿಸಿ. ಸಣ್ಣ ಮಿಲ್ಲಿನಲ್ಲಿ ಶೇ. 62 ಸಿಕ್ಕರೂ 1240 ಕಿಲೋ. ಪಡಿತರದ ಬೆಳ್ತಿಗೆ (ಬೇಯಿಸದ ಭತ್ತದ) ಅಕ್ಕಿ ಕಾರವಾರ, ಅಂಕೋಲಾದ ಬಹಳ ಮನೆಗಳಲ್ಲಿ ಊಟಕ್ಕೆ ಒಗ್ಗುವುದಿಲ್ಲ, ಉಕಡೆ ಅಕ್ಕಿಯೇ, ಅಂದರೆ ಕುಚ್ಚಲಕ್ಕಿಯೇ, ಬೇಕು. ಕಿಲೋಗೆ 55ರಂತೆ ಮನೆಗಳಿಗೆ ಕೊಟ್ಟರೆ 68,200. ಬೇಯಿಸುವ, ಮಿಲ್ಲಿನ ಖರ್ಚು ಕಳೆದರೂ ಹದಿನೈದು ಇಪ್ಪತ್ತು ಸಾವಿರ ಕೈಯಲ್ಲಿ ನಿಲ್ಲುತ್ತದೆ. ಕೂಲಿ, ದರ ನಿಮ್ಮ ಊರಿನದ್ದು ಹಾಕಿಕೊಂಡು ಮತ್ತೆ ಲೆಕ್ಕ ಮಾಡಿ. ಸುಗ್ಗಿಯಲ್ಲಿ ಎಲ್ಲವನ್ನೂ ಮಾರಬೇಡಿ; ಭತ್ತವಾಗಿಯೇ ಇಟ್ಟು ಮಳೆಗಾಲದ ಮುಂಚೆ ಒಂದು ಭಾಗ, ಚೌತಿಗೆ ಮೊದಲು ಇನ್ನೊಂದು ಭಾಗ ಅಕ್ಕಿ ಮಾಡಿಸಿ.

ಗದ್ದೆ ಹೊಳೆಯ ಹಿನ್ನೀರಿಗೆ ತಗುಲಿದ ಗಜನಿಯಾಗಿದ್ದರೆ ಮೇಲಿನ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಉಪ್ಪುನೀರು ತಡೆಯುವ ಕಗ್ಗ ಎಂಬ ಭತ್ತದ ತಳಿ ಒಂದೇ ದಾರಿ. ಕುಮಟಾ ತಾಲೂಕಿನ ಮಾಣಿಕಟ್ಟಾ ಕಡೆಯ ರೈತರಲ್ಲಿ ಬೀಜ ವಿಚಾರಿಸಿ. ಇಳುವರಿ ಕಡಿಮೆ, ಖರ್ಚೂ ಕಡಿಮೆ, ನಾಟಿಯ ಗೋಜಿಲ್ಲ.

‘ಅಡಿಕೆ ಹಾಕಿಬಿಡಿ’ ಎಂದವರಿಗೆ: ನೀರು ನಿಲ್ಲುವ ಗದ್ದೆಗೆ ಮಣ್ಣು ಹೊಡೆಸುವ ಖರ್ಚು, ಫಸಲಿಗೆ ಕಾಯುವ ವರ್ಷಗಳು, 2000ದ ಆಚೀಚೆ ಅಡಿಕೆ ದರ ಬಿದ್ದ ರೀತಿ, ಈ ಮೂರನ್ನೂ ಸೇರಿಸಿ ಒಮ್ಮೆ ಬರೆಯಿರಿ, ಆಮೇಲೆ ಮಾತಾಡೋಣ. ಚಾಲಿಗೆ (ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆಗೆ) ಇಂದು ಒಳ್ಳೆಯ ದರವಿದೆ ಎಂಬುದೊಂದೇ ವಾದವಾಗುವುದಿಲ್ಲ.

ಬಿತ್ತುವುದಾದರೆ ಮೊದಲ ವರ್ಷದ ಫಲವನ್ನು ನೋಡಿ ಎದೆಗುಂದಬೇಡಿ, ಹಡಿಲು ಗದ್ದೆಯ ಕಳೆಗೇ ಆ ವರ್ಷ ಹೋಗುತ್ತದೆ. ಅರ್ಧ ಎಕರೆಯಿಂದ ಶುರು ಮಾಡಿ. ಬೆಂಬಲ ಬೆಲೆಯ ಕೇಂದ್ರಕ್ಕೆ ಕೊಡುವ ಯೋಚನೆ ಇದ್ದರೆ ಫ್ರೂಟ್ಸ್ (ರಾಜ್ಯ ಸರ್ಕಾರದ ರೈತ ನೋಂದಣಿ) ಗುರುತಿನ ಸಂಖ್ಯೆ ಬೇಕು. ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರ್ ಹಿಂದಿನ ವರ್ಷಗಳಂತೆ ಈ ಬಾರಿಯೂ ಪಾಳು ಎಂದೇ ದಾಖಲಾಗಿಬಿಟ್ಟರೆ ಕೇಂದ್ರದಲ್ಲಿ ನಿಮ್ಮ ಭತ್ತಕ್ಕೆ ಲೆಕ್ಕವೇ ಇರುವುದಿಲ್ಲ, ಆದ್ದರಿಂದ ನಾಟಿ ಮುಗಿದ ಕೂಡಲೇ ಮುಂಗಾರಿನ ಸಮೀಕ್ಷೆ ಆ್ಯಪ್‌ನಲ್ಲಿ ಬೆಳೆಯ ಚಿತ್ರವನ್ನು ನೀವೇ ಹಾಕಿ.