ಎಫ್8 ಕೀ ಸವೆದ ಲ್ಯಾಪ್‌ಟಾಪ್

ಈ ಪ್ರಕರಣ ಬರೆಯಬೇಕೋ ಬೇಡವೋ ಎಂದು ತುಂಬ ದಿನ ಯೋಚಿಸಿದೆ. ಕೊನೆಗೆ ಬರೆಯುತ್ತಿದ್ದೇನೆ, ಯಾಕೆಂದರೆ "ಗೇಮ್ ಚಟ ಬಿಡಿಸಿಕೊಡಿ" ಎಂದು ಸಲಹೆಗಾರ್ತಿಯಾದ ನನ್ನ ಹತ್ತಿರ ಮಕ್ಕಳನ್ನು ಕರೆದುಕೊಂಡು ಬರುವವರು ದಿನೇ ದಿನೇ ಜಾಸ್ತಿಯಾಗುತ್ತಿದ್ದಾರೆ. ದಿನಕ್ಕೆ ಎಷ್ಟು ಗಂಟೆ ಎಂದು ಎಲ್ಲರೂ ಲೆಕ್ಕ ಹೇಳುತ್ತಾರೆ. ಯಾವ ಆಟ, ಅದರೊಳಗೆ ನಿಮ್ಮ ಮಗ ಅಥವಾ ಮಗಳು ಏನಾಗಿರುತ್ತಾರೆ ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಇದು ಯಾರ ಪ್ರಕರಣವೋ ಆ ಹುಡುಗಿಯ ಒಪ್ಪಿಗೆ ಪಡೆದಿದ್ದೇನೆ. ಊರು, ವಯಸ್ಸು, ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ. ಆಟದ ಹೆಸರನ್ನು ಮಾತ್ರ ಬದಲಿಸಿಲ್ಲ. ಅದನ್ನು ಬದಲಿಸಿದರೆ ಹೇಳಬೇಕಾದ್ದೇ ಕೈತಪ್ಪುತ್ತದೆ.

ಇಪ್ಪತ್ತಾರರ ಹುಡುಗಿ. ತಂದೆ ಇಲ್ಲ. ಮನೆಯಿಂದಲೇ ಕಂಪ್ಯೂಟರ್ ಕೆಲಸ. ತಮ್ಮನ ಕಾಲೇಜು ಫೀಸು, ಮನೆ ಸಾಲದ ಕಂತು ಎರಡೂ ಅವಳ ಸಂಬಳದಿಂದ. ಬೋನಸ್ ಬಂದಾಗ ಒಂದು ಒಳ್ಳೆಯ ಲ್ಯಾಪ್‌ಟಾಪ್ ತೆಗೆದುಕೊಂಡಿದ್ದಳು. ರಾತ್ರಿ ಹತ್ತೂವರೆಯಿಂದ ಹನ್ನೆರಡೂವರೆವರೆಗೆ ಅದರಲ್ಲಿ ಆಟ. ಅಮ್ಮನಿಗೆ ಇದು ನುಂಗಲಾರದ ತುತ್ತು. "ಇಷ್ಟು ವರ್ಷದಲ್ಲಿ ಒಂದು ದಿನ ಎದುರು ಮಾತಾಡಿಲ್ಲ ಮೇಡಂ. ನಮ್ಮ ಹುಡುಗಿ ಹಸು ಇದ್ದಂಗೆ. ಇದೊಂದು ಚಟ ಹೋದ್ರೆ ಸಾಕು. ಸರ್ಕಾರದವ್ರೇ ಬ್ಯಾನ್ ಮಾಡಿದಾರಂತಲ್ಲಾ?"

ಅಮ್ಮ ಕೇಳಿಸಿಕೊಂಡಿದ್ದು ಬೇರೆ ಸಂಗತಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ಈ ಹುಡುಗಿ ಆಡುತ್ತಿದ್ದದ್ದು ಬಾಲ್ಡರ್ಸ್ ಗೇಟ್ 3. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರಲ್ಲಿ ತಂದ ದೊಡ್ಡ ಕಥೆಯಾಟ. ಒಂದು ಸಲ ಕೊಂಡರೆ ಆಯಿತು, ಗೆಲ್ಲೋಕೆ, ಸೋಲೋಕೆ ದುಡ್ಡಿಲ್ಲ. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದೆ. ಅರ್ಧ ಸಮಾಧಾನವಾಯಿತು.

ಮೊದಲ ಎರಡು ಭೇಟಿಯಲ್ಲಿ ಹುಡುಗಿ ನಾನು ಕೇಳಿದ್ದಕ್ಕೆಲ್ಲ "ಹೌದು ಮೇಡಂ" ಎಂದಳು. ಆಟ ಕಡಿಮೆ ಮಾಡ್ತೀಯಾ? ಹೌದು ಮೇಡಂ. ಬೇಜಾರಿದೆಯಾ? ಇಲ್ಲ ಮೇಡಂ. ಎರಡನೆಯ ಸಲ ಅವಳು ಎದ್ದು ಹೋದ ಮೇಲೆ ನನ್ನ ಪುಸ್ತಕದಲ್ಲಿ ಒಂದು ಸಾಲೂ ಬರೆಯಲು ಇರಲಿಲ್ಲ. ನನ್ನನ್ನೂ ಅವಳು ಸಮಾಧಾನ ಮಾಡಿ ಕಳಿಸುತ್ತಿದ್ದಾಳೆ ಅನ್ನಿಸಿತು. ಅದಕ್ಕೇ ಮೂರನೆಯ ಭೇಟಿಗೆ ಲ್ಯಾಪ್‌ಟಾಪ್ ತಗೊಂಡು ಬಾ ಎಂದೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇದರಲ್ಲಿ ಮೊದಲು ನಿಮ್ಮ ಪಾತ್ರವನ್ನು ನೀವೇ ಮಾಡಿಕೊಳ್ಳಬೇಕು. ಮುಖ, ಕೂದಲು, ಕುಲ, ಆಮೇಲೆ ಕ್ಲಾಸ್, ಅಂದರೆ ನೀವು ಯಾವ ಬಗೆಯ ಮನುಷ್ಯ ಅನ್ನುವುದು. ಒಟ್ಟು 12 ಕ್ಲಾಸ್. ಕತ್ತಿ ಹಿಡಿಯುವ ಫೈಟರ್, ಕದಿಯುವ ರೋಗ್, ಮಾತಿನಲ್ಲೇ ಮರುಳು ಮಾಡುವ ಬಾರ್ಡ್, ದೇವರ ಹೆಸರಲ್ಲಿ ಗಾಯ ವಾಸಿ ಮಾಡುವ ಕ್ಲೆರಿಕ್, ಹೀಗೆ. ದಾರಿಯಲ್ಲಿ ಸಂಗಡಿಗರು ಸಿಗುತ್ತಾರೆ. ನೀವು ಆಡುವ ಮಾತು, ಮಾಡುವ ಕೆಲಸ ಅವರಿಗೆ ಹಿಡಿಸಿತೋ ಇಲ್ಲವೋ ಎಂದು ಪರದೆಯ ಮೇಲೆ ಸಣ್ಣ ಸಾಲು ಬರುತ್ತದೆ.

ಅವಳು ತನ್ನ ಪಾತ್ರಗಳ ಪಟ್ಟಿ ತೋರಿಸಿದಳು. ಹದಿನಾಲ್ಕಿದ್ದವು. "ಹೊಸ ಹೊಸ ಥರ ಟ್ರೈ ಮಾಡ್ತಾನೇ ಇರ್ತೀನಿ ಮೇಡಂ" ಎಂದಳು, ಸ್ವಲ್ಪ ಹೆಮ್ಮೆಯಿಂದಲೇ. ಒಂದೊಂದಾಗಿ ನೋಡಿದೆವು. ಒಬ್ಬಳಿಗೆ ಬಿಳಿ ಕೂದಲು, ಒಬ್ಬಳಿಗೆ ಕೊಂಬು, ಒಬ್ಬ ಗಿಡ್ಡ ಗಡ್ಡದವನು. ಆದರೆ ಕ್ಲೆರಿಕ್, ಡ್ರೂಯಿಡ್, ಬಾರ್ಡ್, ಮತ್ತೆ ಕ್ಲೆರಿಕ್. ಹೆಚ್ಚು ಕಡಿಮೆ ಎಲ್ಲರೂ ಬೇರೆಯವರ ಗಾಯ ವಾಸಿ ಮಾಡಬಲ್ಲವರೇ. ಮೂರು ಸಲ ಫೈಟರ್ ಮಾಡಿಕೊಂಡಿದ್ದಳಂತೆ. ಎರಡು ದಿನ ಆಡುವಷ್ಟರಲ್ಲಿ ಸಂಗಡಿಗರಿಗೆ ಏಟು ಬಿದ್ದರೆ ಕೈ ತಡೆಯದೆ, ಆಟದಲ್ಲಿರುವ ವಿದರ್ಸ್ ಅನ್ನುವ ಮುದುಕನಿಗೆ 100 ಚಿನ್ನದ ನಾಣ್ಯ ಕೊಟ್ಟು ಕ್ಲೆರಿಕ್ ಆಗಿಬಿಟ್ಟಿದ್ದಳು. ಹದಿನಾಲ್ಕರಲ್ಲಿ ಒಂದೂ ಕಥೆಯ ಮೊದಲ ಅಂಕ ದಾಟಿರಲಿಲ್ಲ.

"ಸ್ವಲ್ಪ ಆಡು, ನೋಡ್ತೀನಿ" ಎಂದೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

ಆಗ ಕಣ್ಣಿಗೆ ಬಿತ್ತು. ಲ್ಯಾಪ್‌ಟಾಪ್ ಇನ್ನೂ ಹೊಸದು. ಕೀಗಳ ಮೇಲಿನ ಅಕ್ಷರ ಎಲ್ಲ ಚೆನ್ನಾಗಿವೆ. ಮೇಲಿನ ಸಾಲಿನಲ್ಲಿ ಒಂದೇ ಒಂದು ಕೀ ಮಾತ್ರ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಮೇಲಿನ ಅಕ್ಷರ ಅರ್ಧ ಅಳಿಸಿಹೋಗಿತ್ತು. ಎಫ್8.

ಆಟದಲ್ಲಿ ಊರು ಬಿಟ್ಟು ಬಂದ ಜನರಿಗೆ ಸಹಾಯ ಮಾಡ್ತೀನಿ ಎಂಬ ಮಾತನ್ನು ಆರಿಸಿದಳು. ಅಸ್ಟೇರಿಯನ್ ಅನ್ನುವ ಸಂಗಡಿಗನಿಗೆ ಇದು ಹಿಡಿಸಲಿಲ್ಲ ಎಂದು ಸಾಲು ಬಂತು. ನಾನು ಅದನ್ನು ಓದಿ ಮುಗಿಸುವ ಮೊದಲೇ ಅವಳ ಬೆರಳು ಎಫ್8 ಒತ್ತಿತ್ತು. ಪರದೆ ಕಪ್ಪಾಗಿ ಮತ್ತೆ ಹಿಂದಿನ ಜಾಗಕ್ಕೇ ಬಂತು.

"ಏನದು?"

"ಎಫ್5 ಒತ್ತಿದ್ರೆ ಸೇವ್, ಎಫ್8 ಒತ್ತಿದ್ರೆ ಹಿಂದಕ್ಕೆ ಮೇಡಂ."

"ಸತ್ತುಹೋದಾಗ ಒತ್ತೋದಾ?"

"ಅದಕ್ಕೂ ಒತ್ತಬಹುದು. ನಾನು ಜಾಸ್ತಿ ಒತ್ತೋದು ಯಾರಿಗಾದ್ರೂ ಬೇಜಾರಾದಾಗ."

ಮತ್ತೆ ಅದೇ ಮಾತಿಗೆ ಬಂದಳು. ಈ ಸಲ ಸಹಾಯ ಮಾಡಲ್ಲ ಎಂದಳು. ಆಗ ಇನ್ನೊಬ್ಬ ಸಂಗಡಿಗನಿಗೆ ಬೇಜಾರು. ಮತ್ತೆ ಎಫ್8. ನನ್ನ ಗಡಿಯಾರದಲ್ಲಿ ಹನ್ನೊಂದು ನಿಮಿಷ ಅದೇ ಜಾಗದಲ್ಲಿ ಸುತ್ತಿದಳು. ಈ ಆಟ ಮಾಡಿದವರು ಸಂಗಡಿಗರನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ಒಬ್ಬರಿಗೆ ಕರುಣೆ ಇಷ್ಟ, ಒಬ್ಬನಿಗೆ ಪುಕ್ಕಟೆ ಸಹಾಯ ಮಾಡಿದರೆ ಮೈ ಉರಿ, ಒಬ್ಬಳಿಗೆ ಹಿಂದೆಮುಂದೆ ನೋಡುವವರನ್ನು ಕಂಡರೆ ಆಗದು. ಪ್ರತಿ ಸಲವೂ ಎಲ್ಲರನ್ನೂ ಮೆಚ್ಚಿಸಿ ಕೊನೆ ಮುಟ್ಟುವ ದಾರಿಯೇ ಅಲ್ಲಿಲ್ಲ. ಅವಳು ಆ ಇಲ್ಲದ ದಾರಿಯನ್ನು ಹದಿನಾಲ್ಕು ಸಲ ಹುಡುಕಿದ್ದಳು.

"ಮನೇಲಿ ಹೀಗಾದಾಗ ಏನು ಮಾಡ್ತೀಯ?" ಎಂದು ಕೇಳಿದೆ. ಯೋಚಿಸಿ ಕೇಳಿದ ಪ್ರಶ್ನೆಯಲ್ಲ, ಬಾಯಿಗೆ ಬಂತು.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮನೇಲಿ ಎಫ್8 ಇಲ್ವಲ್ಲ ಮೇಡಂ. ಅದಕ್ಕೇ ಬಾಯೇ ಬಿಡಲ್ಲ."

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೇ ಕೇಳಿಸಿತು. ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಅರ್ಧ ಗಂಟೆ ಮಾತಾಡಿದಳು. ತಮ್ಮನಿಗೆ ಬೈಕ್ ಬೇಕಂತೆ, ಸಾಲ ಇವಳ ಹೆಸರಲ್ಲಿ ತೆಗೆಯಬೇಕಂತೆ, ಸರಿ ಎಂದುಬಿಟ್ಟಿದ್ದಾಳೆ. ಸೋದರಮಾವ ತರುವ ಗಂಡುಗಳಿಗೆಲ್ಲ ಸರಿ ಎನ್ನುತ್ತಾಳೆ. ಆಫೀಸಿನಲ್ಲಿ ಬೇರೆಯವರ ಕೆಲಸಕ್ಕೂ ಸರಿ. ಅಮ್ಮ ಹಸು ಅಂದರಲ್ಲ, ಆ ಹಸು ಹಗ್ಗವನ್ನು ತಾನೇ ಬಿಗಿದುಕೊಂಡಿತ್ತು.

ಆವತ್ತು ನಾನು ಕೊಟ್ಟ ಸಲಹೆ ಇದು. ಆಟ ಬಿಡಬೇಡ. ಹದಿನೈದನೆಯ ಪಾತ್ರ ಮಾಡು, ಬಾರ್ಬೇರಿಯನ್. ಈ ಕ್ಲಾಸಿನ ಬಲವೇ ಸಿಟ್ಟು. ಸಿಟ್ಟೇರಿದಾಗ ಬಾರ್ಬೇರಿಯನ್ ಯಾವ ಮಂತ್ರವನ್ನೂ ಹಾಕಲಾರ, ಹಾಗಾಗಿ ಗಾಯ ವಾಸಿ ಮಾಡುವ ಆಸೆಗೆ ಅಲ್ಲಿ ಜಾಗ ಕಡಿಮೆ. ಸತ್ತರೆ ಎಫ್8 ಒತ್ತು. ಯಾರಿಗೋ ಬೇಜಾರಾಯಿತೆಂದು ಒತ್ತಬೇಡ. ಯಾರಿಗೆ ಬೇಜಾರಾಯಿತು, ಆಮೇಲೆ ಏನಾಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡು. ರಾತ್ರಿ ಹನ್ನೆರಡಕ್ಕೆ ಮುಗಿಸು. ಮತ್ತೆ ಒಂದು ಮಾತು: ಮೂರು ವಾರ ಮನೆಯಲ್ಲಿ ಏನನ್ನೂ ಬದಲಿಸಲು ಹೋಗಬೇಡ.

ನಮ್ಮ ಸಲಹೆಗಾರರ ಸಭೆಯಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು ಸಿಡುಕಿದರು. "ಕುಡಿಯೋನಿಗೆ ಬೇರೆ ಬ್ರ್ಯಾಂಡ್ ಕುಡಿ ಅಂದಹಾಗಾಯ್ತಲ್ರೀ ಇದು." ಅವರ ಮೇಲೆ ನನಗೆ ಗೌರವವಿದೆ. ಆದರೂ ಅವರ ಮಾತು ನಾನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಕಾಯಿಲೆಯನ್ನು ತನ್ನ ಪಟ್ಟಿಗೆ ಸೇರಿಸಿದೆ. 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಅಲ್ಲಿ ಗಂಟೆಯ ಲೆಕ್ಕವಿಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಊಟ, ನಿದ್ದೆ, ಕೆಲಸ, ನಂಟು ಎಲ್ಲಕ್ಕಿಂತ ಆಟವೇ ಮುಂದಾಗಿರಬೇಕು. ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಆಡುತ್ತಲೇ ಇರಬೇಕು. ಇದರಿಂದ ಬದುಕು ಏರುಪೇರಾಗಿರಬೇಕು, ಸಾಮಾನ್ಯವಾಗಿ 12 ತಿಂಗಳಾದರೂ ಹೀಗೆ ನಡೆದಿರಬೇಕು. ಈ ಹುಡುಗಿ ಬೆಳಿಗ್ಗೆ ಆರಕ್ಕೆ ಎದ್ದು ಅಡುಗೆ ಮಾಡಿ ಕೆಲಸಕ್ಕೆ ಕೂರುತ್ತಿದ್ದಳು. ಇವಳಿಗೆ ಚಟ ಎಂಬ ಹೆಸರು ಹಚ್ಚಿ ಆ ಎರಡು ಗಂಟೆಯನ್ನೂ ಕಿತ್ತುಕೊಂಡಿದ್ದರೆ ನಾನೂ ಅವಳ ಹತ್ತಿರ ಇನ್ನೊಂದು "ಸರಿ" ಹೇಳಿಸಿದ ಹಾಗಾಗುತ್ತಿತ್ತು, ಅಲ್ವಾ?

ಎಲ್ಲರಿಗೂ ಇದೇ ಸಲಹೆ ಕೊಡುತ್ತೇನೆ ಎಂದು ದಯವಿಟ್ಟು ತಿಳಿಯಬೇಡಿ. ಪರೀಕ್ಷೆ ಬಿಟ್ಟು, ಊಟ ಬಿಟ್ಟು, ಬೆಳಗಾಗುವವರೆಗೆ ಆಡುವ ಹುಡುಗರನ್ನು ನಾನೇ ಮನೋವೈದ್ಯರ ಹತ್ತಿರ ಕಳಿಸಿದ್ದೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಷಟ್ ಕ್ಲಿನಿಕ್ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎರಡು ವಾರ ಬಿಟ್ಟು ಹುಡುಗಿ ನಗುತ್ತಾ ಬಂದಳು. "ಮೇಡಂ, ಮೋಸ ಮಾಡಿದೆ." ಬಾರ್ಬೇರಿಯನ್ನಿಗೆ ಮಂತ್ರ ಬಾರದಿದ್ದರೇನು, ಔಷಧಿಯ ಸೀಸೆ ಎಸೆಯಲು ಬರುತ್ತದೆ. ಸಂಗಡಿಗರ ಕಾಲ ಬಳಿ ಸೀಸೆ ಎಸೆದರೆ ಒಡೆದು ಅವರ ಗಾಯ ವಾಸಿಯಾಗುತ್ತದಂತೆ. ಅದನ್ನು ಹುಡುಕಿಕೊಂಡಿದ್ದಳು. ನಾನೂ ನಕ್ಕೆ. ಎಸೆಯಲಿ ಬಿಡಿ. ಅಕ್ಕರೆ ಕಳೆದುಕೊಳ್ಳಲಿ ಎಂದು ನಾನೆಲ್ಲಿ ಹೇಳಿದ್ದೆ?

ಪುಸ್ತಕ ತಂದಿದ್ದಳು. ಮೊದಲ ದಿನವೇ ಆರು ಬೇಜಾರು ಬರೆದಿದ್ದಳು. ಒಂದೊಂದರ ಪಕ್ಕ "ಎದೆ ಡವಡವ", "ಲ್ಯಾಪ್‌ಟಾಪ್ ಮುಚ್ಚಿದೆ" ಎಂದಿತ್ತು. ಒಂಬತ್ತನೆಯ ದಿನದ ಪುಟದಲ್ಲಿ ಹೀಗಿತ್ತು: "ಅಸ್ಟೇರಿಯನ್‌ಗೆ ಬೇಜಾರು. ರಾತ್ರಿ ಕ್ಯಾಂಪಿನಲ್ಲಿ ಮಾತಾಡಿಸಿದೆ. ಎಂದಿನ ಹಾಗೇ ಮಾತಾಡಿದ." ಕೊನೆಯ ಮೂರು ಪದಕ್ಕೆ ಎರಡು ಗೆರೆ ಎಳೆದಿದ್ದಳು. ನಾನು ಗಂಟೆಗಟ್ಟಲೆ ಬಾಯಲ್ಲಿ ಹೇಳಿದರೂ ಆ ಎರಡು ಗೆರೆ ಬೀಳುತ್ತಿರಲಿಲ್ಲ. ಒಬ್ಬರಿಗೆ ಬೇಜಾರಾದರೆ ಸಂಬಂಧವೇ ಮುಗಿಯಿತು ಎಂದು ನಂಬಿದವರಿಗೆ, ಮುಗಿಯಲಿಲ್ಲ ಎಂಬುದನ್ನು ಕಣ್ಣಾರೆ ಕಾಣಲು ಎಲ್ಲಾದರೂ ಒಂದು ಜಾಗ ಬೇಕು. ಅದು ಆಟವಾದರೆ ಏನು ತಪ್ಪು?

ಎರಡು ತಿಂಗಳ ಮೇಲೆ ಅಮ್ಮನ ಫೋನ್ ಬಂತು. ದನಿ ಗಡುಸಾಗಿತ್ತು. "ಬೈಕ್ ಸಾಲ ನನ್ ಹೆಸರಲ್ಲಿ ಬೇಡಮ್ಮ ಅಂದುಬಿಟ್ಳು. ಅವಳ ತಮ್ಮನ ಮುಂದೇನೇ. ಇದನ್ನ ಕಲ್ಸಿದ್ದು ನೀವೇ ತಾನೆ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ಮನೆಯ ನೆಮ್ಮದಿಗೆ ಕೈ ಹಾಕಿದೆನಾ ಅನ್ನಿಸಿತು. ಆದರೆ ಒಬ್ಬಳು ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ಉಳಿಯುವ ನೆಮ್ಮದಿ ಅದು. ಹಾಗೆ ಯೋಚಿಸಿದ ಮೇಲೆ ಅಮ್ಮನನ್ನು ಒಬ್ಬರೇ ಬನ್ನಿ ಎಂದು ಕರೆದೆ.

ಅಮ್ಮ ಮಂಡ್ಯ ಕಡೆಯವರು. ನಿಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಆಡ್ತಿದ್ರಾ ಎಂದು ಕೇಳಿದೆ. ಮುಖ ಅರಳಿತು. ಅವರಣ್ಣ ಎರಡು ಸಲ ದುರ್ಯೋಧನನ ಪಾರ್ಟು ಕಟ್ಟಿದ್ದರಂತೆ. ಆ ಪಾರ್ಟಿಗೆ ಎಲ್ಲರಿಗಿಂತ ಜಾಸ್ತಿ ದುಡ್ಡು ಕೊಡಬೇಕಿತ್ತು, ಹೋರಿ ಮಾರಿ ಕೊಟ್ಟರಂತೆ. "ಮನೇಲಿ ಅಪ್ಪನ ಮುಂದೆ ನಿಂತು ಮಾತಾಡ್ದೋನಲ್ಲ ಮೇಡಂ. ಗದೆ ಹಿಡ್ಕೊಂಡು ಬಂದ್ರೆ ಊರೇ ಗಪ್‌ಚುಪ್." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವಳೂ ಅಂಥದ್ದೇ ಏನೋ ಮಾಡ್ತಾಳಾ ಅದ್ರಲ್ಲಿ?"

ಹೌದು ಎಂದೆ. ನೋಡಬೇಕು ಅನ್ನಿಸಿದರೆ ಅವಳನ್ನೇ ಕೇಳಿ ಎಂದೆ. ಅಮ್ಮ ಕೇಳುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಮೊನ್ನೆ ಹುಡುಗಿ ಬಂದಿದ್ದಳು. ಬೇಡ ಎಂದ ಮೇಲೆ ಅಮ್ಮ ಎರಡು ದಿನ ಮಾತು ಬಿಟ್ಟಿದ್ದರಂತೆ. ಮೂರನೆಯ ದಿನ ಬೆಳಿಗ್ಗೆ "ಉಪ್ಪಿಟ್ಟು ಆರೋಗುತ್ತೆ, ಬಾ" ಎಂದರಂತೆ. ಬೈಕಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ, ತಮ್ಮ ಮುಖ ಊದಿಸಿಕೊಂಡೇ ಇದ್ದಾನೆ. ಬಾರ್ಬೇರಿಯನ್ ಮಾತ್ರ ಎರಡನೆಯ ಅಂಕಕ್ಕೆ ಬಂದಿದ್ದಾನೆ. ಹೊರಡುವಾಗ ಬಾಗಿಲ ಹತ್ತಿರ ನಿಂತು, ಮುಂದಿನ ಭೇಟಿ ಎರಡು ವಾರಕ್ಕೆ ಬೇಡ, ತಿಂಗಳಿಗೊಮ್ಮೆ ಸಾಕು ಮೇಡಂ ಎಂದಳು. ನನಗೆ ಎರಡು ವಾರವೇ ಸರಿ ಅನ್ನಿಸಿತ್ತು. ಡೈರಿಯಲ್ಲಿ ತಿಂಗಳು ಎಂದೇ ಬರೆದುಕೊಂಡೆ.