ಒಕ್ಕಲು ಮನೆಯ ಮಗಳಿಗೆ ಉದ್ಯಮ ಒಗ್ಗುವುದಿಲ್ಲವೇ?

ಪ್ರಶ್ನೆ: ನಾನು ಸಿರುಗುಪ್ಪ ತಾಲ್ಲೂಕಿನವಳು, ಬಳ್ಳಾರಿಯಲ್ಲಿ ಎಂ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಮಕ್ಕಳ ಜೀನ್ಸ್ ಹೊಲಿಸುವ ಸಣ್ಣ ಘಟಕ ತೆರೆಯುವ ಆಸೆಯಿದೆ. ಅಪ್ಪ, 'ಒಕ್ಕಲುತನದವರಿಗೆ ವ್ಯಾಪಾರ ಒಗ್ಗುವುದಿಲ್ಲ, ಸರ್ಕಾರಿ ನೌಕರಿಗೆ ಓದು' ಎನ್ನುತ್ತಾರೆ. ವ್ಯಾಪಾರಸ್ಥರ ಮನೆಯಿಂದ ಬಂದ ಗೆಳತಿಯ ಧೈರ್ಯ ಕಂಡರೆ ಅಪ್ಪನ ಮಾತೇ ನಿಜವೆನಿಸುತ್ತದೆ.

ಉತ್ತರ: ಉದ್ಯಮದ ಆಸಕ್ತಿ ರಕ್ತದಲ್ಲಿ ಬರುವುದಿಲ್ಲ, ತಂಗಿ. ಮನೋವಿಜ್ಞಾನಿ ಐಸೆಕ್ ಐಜೆನ್ 1991ರಲ್ಲಿ ವಿವರಿಸಿದಂತೆ ಯಾವುದೇ ಸಂಕಲ್ಪ ಗಟ್ಟಿಯಾಗುವುದಕ್ಕೆ ಮೂರು ಕಾರಣಗಳಿರುತ್ತವೆ: ಆ ಕೆಲಸದ ಬಗ್ಗೆ ನಮಗಿರುವ ಒಲವು, ನಮ್ಮವರು ಏನೆಂದುಕೊಳ್ಳುತ್ತಾರೆಂಬ ಎಣಿಕೆ ಮತ್ತು ಮಾಡಬಲ್ಲೆನೆಂಬ ಭರವಸೆ. ವಿದ್ಯಾರ್ಥಿಗಳ ಉದ್ಯಮಾಸಕ್ತಿಯನ್ನು ಅಳೆಯುವವರು ಹಲವು ದೇಶಗಳಲ್ಲಿ ಇದನ್ನೇ ಆಧಾರವಾಗಿ ಬಳಸುತ್ತಾರೆ. ನಿಮ್ಮಲ್ಲಿ ಒಲವು ಇದೆ. ಉಳಿದೆರಡು ನಿಮ್ಮ ಗೆಳತಿಗೆ ಮನೆಯಲ್ಲೇ ಸಿಕ್ಕಿವೆ. ಉದ್ರಿ ವಸೂಲಿ, ಸರಕಿನ ಲೆಕ್ಕ, ನಷ್ಟವಾದ ತಿಂಗಳಲ್ಲಿ ಮನೆ ನಡೆಸುವ ಬಗೆ ಇವನ್ನೆಲ್ಲ ಆಕೆ ಊಟದ ಹೊತ್ತಿನ ಮಾತಿನಲ್ಲೇ ಕೇಳಿ ಬೆಳೆದಿರುತ್ತಾಳೆ.

ಅಪ್ಪನ ಭಯವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಕಾಲುವೆ ನೀರನ್ನು ನಂಬಿದ ಮನೆಗಳು ಪಟ್ಟ ಆತಂಕ ನಿಮಗೂ ಗೊತ್ತು. ಬೆಳೆ ಕೈಗೆ ಬರುವ ಮೊದಲೇ ಸಾಲ ಮಾಡುವ ರೈತನಿಗೆ ಅಪಾಯ ಹೊಸದಲ್ಲ, ಸಾಕಾಗಿದೆ. ಆದ್ದರಿಂದಲೇ ಮಗಳಿಗೆ ತಿಂಗಳ ಸಂಬಳ ಬಯಸುತ್ತಾರೆ. ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಸಂವಿಧಾನದ 371(ಜೆ) ಮೀಸಲಾತಿ ಬಂದ ಮೇಲೆ ನಮ್ಮ ಭಾಗದ ಹಳ್ಳಿಗಳಲ್ಲಿ ಆ ಬಯಕೆಗೆ ನ್ಯಾಯವಾದ ಆಧಾರವೂ ದೊರೆತಿದೆ.

ಹಾಗಾಗಿ ವಾದ ಬಿಟ್ಟು ಅನುಭವ ಗಳಿಸಿ. ಪರೀಕ್ಷೆ ಮುಗಿದೊಡನೆ ಬಳ್ಳಾರಿಯ ಕೌಲ್ ಬಜಾರಿನ ಯಾವುದಾದರೂ ಜೀನ್ಸ್ ಘಟಕದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿಕೊಳ್ಳಿ. ಬಟ್ಟೆ ಕತ್ತರಿಸುವುದರಿಂದ ಹಿಡಿದು ಜೇಬು, ಜಿಪ್, ಗುಂಡಿ, ವಾಷಿಂಗ್‌ವರೆಗೆ ಒಂದು ಪ್ಯಾಂಟು ಎಷ್ಟು ಕೈ ದಾಟುತ್ತದೆ, ಪ್ರತಿ ಕೈಗೆ ಪೀಸಿಗೆಷ್ಟು ಕೂಲಿ, ಮಾಲು ಹೋದ ಮೇಲೆ ಹಣ ಬರುವುದು ಎಷ್ಟು ದಿನಕ್ಕೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಕೊನೆಯದನ್ನಂತೂ ಮರೆಯಬೇಡಿ, ಏಕೆಂದರೆ ಲಾಭದ ಲೆಕ್ಕ ಸರಿಯಿದ್ದರೂ ಉದ್ರಿ ಬಾರದೆ ಕೂಲಿ ಕೊಡಲಾಗದೆ ಮುಚ್ಚುವ ಘಟಕಗಳಿರುತ್ತವೆ.

ಆ ಪುಸ್ತಕವನ್ನು ಅಪ್ಪನ ಮುಂದಿಟ್ಟು ಮಾತನಾಡಿ. ಹೊಲ ಅಡವಿಡುವ ಮಾತು ಬೇಡವೇ ಬೇಡ. ಕೇಂದ್ರ ಸರ್ಕಾರದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗೆ ಸಿಗುವ ಶಿಶು ಸಾಲಕ್ಕೆ ಅಡಮಾನ ಬೇಕಿಲ್ಲವೆಂಬುದನ್ನು ಅವರಿಗೆ ಬ್ಯಾಂಕಿನವರ ಬಾಯಿಂದಲೇ ಕೇಳಿಸಿ. ಒಂದೆರಡು ಯಂತ್ರ ಇಟ್ಟುಕೊಂಡು ಬೇರೆ ಘಟಕದವರು ಕೊಟ್ಟ ಬಟ್ಟೆಯನ್ನು ಕೂಲಿಗೆ ಹೊಲಿದುಕೊಡುವ ಜಾಬ್ ವರ್ಕ್‌ನಿಂದ ಆರಂಭಿಸಿದರೆ ಬಟ್ಟೆಗೆ ಬಂಡವಾಳ ಹೂಡಬೇಕಾಗುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಅರ್ಜಿಯನ್ನೂ ಹಾಕಿಡಿ. ಉದ್ಯಮವನ್ನು ಪರೀಕ್ಷಿಸಿ ನೋಡಲು ಎರಡು ವರ್ಷದ ಗಡುವನ್ನು ಅಪ್ಪನೊಂದಿಗೆ ಕೂತು ನೀವೇ ಗೊತ್ತುಮಾಡಿಕೊಳ್ಳಿ.